ಬ್ಲೂ ಹಚ್ಚಿದ ಕೈಯಲ್ಲಿ ಟಿಪ್ಪಣಿ ಪುಸ್ತಕ

ಪಿಎಚ್‌ಡಿ ಪ್ರವೇಶದ ಸಂದರ್ಶನದಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ ಸಂಶೋಧನೆಯನ್ನು ಕುರಿತದ್ದಾಗಿರಲಿಲ್ಲ. ‘ನೀವು ಮೂಲತಃ ಯಾವ ಸಬ್ಜೆಕ್ಟಿನವರು?’ ಎಂದು ಸಮಿತಿಯ ಹಿರಿಯರೊಬ್ಬರು ನನ್ನ ಅರ್ಜಿಯ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚುತ್ತ ಕೇಳಿದರು. ಅದು 2017ನೆಯ ಇಸವಿ, ನನಗೆ ಆಗ ನಲವತ್ನಾಲ್ಕು ವರ್ಷ. ಅರ್ಜಿಯಲ್ಲಿ ಶಿವಮೊಗ್ಗದ ಐಟಿಐ, ಫಿಟ್ಟರ್ ಟ್ರೇಡ್, ಒಂದು ವರ್ಷದ ಅಪ್ರೆಂಟಿಸ್‌ಶಿಪ್, ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ (ಅಚ್ಚು, ಉಪಕರಣಗಳನ್ನು ತಯಾರಿಸುವ ವಿಭಾಗ) ಹದಿಮೂರು ವರ್ಷ, ಅದೇ ಕಾರ್ಖಾನೆಯ ತರಬೇತಿ ವಿಭಾಗದಲ್ಲಿ ಹನ್ನೊಂದು ವರ್ಷ, ನಡುವೆ ರಾತ್ರಿ ಓದಿ ಮುಗಿಸಿದ ಎಎಂಐಇ (ಎಂಜಿನಿಯರುಗಳ ಸಂಸ್ಥೆ ನಡೆಸುವ ಪರೀಕ್ಷೆ) ಮತ್ತು ದೂರಶಿಕ್ಷಣದ ಎಂಬಿಎ ಇದ್ದವು. ಇಷ್ಟೆಲ್ಲ ಇದ್ದರೂ ಅವರ ಪ್ರಶ್ನೆಗೆ ಒಂದೇ ಪದದ ಉತ್ತರ ನನ್ನಲ್ಲಿರಲಿಲ್ಲ. ‘ಫಿಟ್ಟರ್ ಸಾರ್’ ಎಂದುಬಿಟ್ಟೆ. ಒಬ್ಬರು ನಕ್ಕರು, ಇನ್ನೊಬ್ಬರು ಏನನ್ನೋ ಬರೆದುಕೊಂಡರು.

ಅನುಭವಿ ಕೆಲಸಗಾರರಿಂದ ಹೊಸ ಹುಡುಗರು ಟೂಲ್‌ರೂಮಿನಲ್ಲಿ ಕೆಲಸವನ್ನು ಹೇಗೆ ಕಲಿಯುತ್ತಾರೆ ಎಂಬುದು ನಾನು ಆರಿಸಿಕೊಂಡ ವಿಷಯ. ಇದು ಕೇಳುವುದಕ್ಕೆ ಸರಳವಾಗಿದ್ದರೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೊಂದು ಮನೆಯಿಲ್ಲ ಎಂಬುದು ಅರ್ಜಿ ಹಾಕಲು ಹೊರಟಾಗಲೇ ನನಗೆ ಅರಿವಾದದ್ದು. ಶಿಕ್ಷಣ ವಿಭಾಗದವರು, ನನ್ನ ಬಳಿ ಎಂಎಡ್ ಆಗಲಿ ಶಿಕ್ಷಣಶಾಸ್ತ್ರದ ಎಂಎ ಆಗಲಿ ಇಲ್ಲದ ಕಾರಣ ಅರ್ಜಿಯನ್ನು ಪರಿಶೀಲಿಸಲೂ ಆಗದು ಎಂದರು. ಸಮಾಜಶಾಸ್ತ್ರದವರು ಮರ್ಯಾದೆಯಿಂದ ಕೂರಿಸಿ, ಕಾರ್ಮಿಕ ಸಂಘಟನೆಯ ಕಡೆಗೆ ವಿಷಯವನ್ನು ತಿರುಗಿಸಿಕೊಂಡರೆ ನೋಡಬಹುದು ಎಂದರು. ಎಂಬಿಎ ಇದ್ದುದರಿಂದ ಕೊನೆಗೆ ನಿರ್ವಹಣಾಶಾಸ್ತ್ರ ವಿಭಾಗವೇ ಗತಿಯಾಯಿತು. ಅಲ್ಲಿಯೂ ಎಎಂಐಇ ಪದವಿ ಬಿಇಗೆ ಸಮಾನವೇ ಎಂಬ ಪ್ರಶ್ನೆ ಎದ್ದು, ನಾನು ಮೂರು ಸಲ ಅದೇ ಸರ್ಕಾರಿ ಆದೇಶದ ಪ್ರತಿಯನ್ನು ಹಿಡಿದು ಅದೇ ಕಿಟಕಿಯ ಮುಂದೆ ನಿಂತೆ. 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಆ ಮಾನ್ಯತೆ ಉಂಟು, ನಾನೋ 2003ರಲ್ಲೇ ಮುಗಿಸಿದವನು. ಕಿಟಕಿಯ ಆಚೆಗಿದ್ದವರಿಗೆ ಇದು ಪ್ರತಿಸಲವೂ ಹೊಸ ಸಂಗತಿಯಾಗಿತ್ತು.

ಪ್ರವೇಶ ಪರೀಕ್ಷೆಯ ಪ್ರಶ್ನೆಗಳಲ್ಲಿ ಅರ್ಧ ಸಂಶೋಧನಾ ವಿಧಾನಕ್ಕೆ, ಉಳಿದರ್ಧ ವಿಷಯಕ್ಕೆ ಸಂಬಂಧಿಸಿದವು. ಯುಜಿಸಿಯ 2016ರ ನಿಯಮದಲ್ಲಿ ಹಾಗಿತ್ತು. ಅದನ್ನು ಹೇಗೋ ದಾಟಿದೆ. ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ.

ಹೇಳಬೇಕಾದದ್ದು ಕೋರ್ಸ್‌ವರ್ಕ್‌ನ, ಅಂದರೆ ಪಿಎಚ್‌ಡಿಯ ಆರಂಭದ ತರಗತಿಗಳ, ಒಂದು ಮೇಜಿನ ಬಗ್ಗೆ. ಆ ವರ್ಷ ಕೆಲಸದ ಸ್ಥಳದ ಕಲಿಕೆ, ಕೌಶಲ, ತರಬೇತಿ ಎಂದು ಒಂದಲ್ಲ ಒಂದು ರೀತಿಯಲ್ಲಿ ಬರೆದುಕೊಂಡಿದ್ದ ನಾಲ್ವರನ್ನು ಒಂದೇ ಗುಂಪಿಗೆ ಹಾಕಿದ್ದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಹನ್ನೆರಡು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದು, ಬಳಿಕ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನರ್ಸ್. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವ ಹತ್ತು ನಿಮಿಷಗಳಲ್ಲಿ ಹೊಸಬರು ಏನು ಕಲಿಯುತ್ತಾರೆ ಎಂಬುದು ಅವರ ವಿಷಯ. ಎದುರಿಗಿದ್ದವರು ಐಟಿ ಕಂಪನಿಯೊಂದರ ತರಬೇತಿ ವಿಭಾಗದವರು. ಅವರ ಲ್ಯಾಪ್‌ಟಾಪಿನಲ್ಲಿ ಯಾರು ಯಾವ ಕೋರ್ಸನ್ನು ಎಷ್ಟು ನಿಮಿಷ ನೋಡಿದರು ಎಂಬ ಲೆಕ್ಕ ಲಕ್ಷಗಟ್ಟಲೆ ಸಾಲುಗಳಲ್ಲಿ ತುಂಬಿತ್ತು. ನಾಲ್ಕನೆಯವರು ಗಾರ್ಮೆಂಟ್ ಕಾರ್ಮಿಕರ ಸಂಘವೊಂದರಲ್ಲಿ ಬಹಳ ವರ್ಷ ಓಡಾಡಿದವರು. ಭವಿಷ್ಯನಿಧಿಯ ನಿಯಮ ಬದಲಾವಣೆಯ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ರಸ್ತೆಗಿಳಿದಾಗ ಅವರೂ ಆ ಗುಂಪಿನಲ್ಲಿದ್ದವರು. ನಮ್ಮಲ್ಲಿ ಯಾರು ಏನೇ ಮಂಡಿಸಿದರೂ ಅವರದು ಒಂದೇ ಪ್ರಶ್ನೆ: ‘ಕಲಿತ ಮೇಲೆ ಅವಳ ಸಂಬಳ ಎಷ್ಟು ಹೆಚ್ಚಾಯಿತು?’

ಒಂದೇ ವಿಷಯದ ಮುಂದೆ ಕುಳಿತಿದ್ದ ನಮ್ಮ ನಾಲ್ವರಿಗೂ ಕಾಣುತ್ತಿದ್ದದ್ದು ಬೇರೆಬೇರೆ. ಮೊದಲ ಕೆಲವು ತಿಂಗಳು ಇದು ಬರೀ ಜಗಳದಂತಿತ್ತು. ಐಟಿಯವರು ಅಳೆಯಲಾಗದ್ದನ್ನು ಕಲಿಕೆ ಎನ್ನಲು ಒಪ್ಪುತ್ತಿರಲಿಲ್ಲ, ನರ್ಸ್ ಅಳೆದದ್ದನ್ನು ನಂಬುತ್ತಿರಲಿಲ್ಲ. ನನ್ನ ಮಟ್ಟಿಗೆ, ಉಳಿದ ಮೂವರಿಗೂ ಒಂದು ಫೈಲು (ಲೋಹ ಉಜ್ಜುವ ಅರ) ಹಿಡಿಯಲು ಬಾರದು, ಇವರಿಗೇನು ಗೊತ್ತು ಎಂಬ ಬಿಂಕ ಒಳಗೊಳಗೇ ಇತ್ತು. ಈಗ ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ಇದ್ದದ್ದು ಹೌದು.

ಓದಬೇಕಾದ ಲೇಖನಗಳ ಪಟ್ಟಿ ಬಂದಾಗ ನಾನು ಒಂದು ಅಡ್ಡದಾರಿಯ ಅಭ್ಯಾಸ ಮಾಡಿಕೊಂಡೆ. ಲೇಖನವನ್ನು ಓದುವ ಮೊದಲು, ಬರೆದವರು ಈ ಕ್ಷೇತ್ರಕ್ಕೆ ಬರುವ ಮುಂಚೆ ಏನು ಕೆಲಸ ಮಾಡಿದ್ದರು ಎಂದು ಹುಡುಕುತ್ತಿದ್ದೆ. ಸಂದರ್ಶನದ ಆ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ ಎಂದು ಕಾಣುತ್ತದೆ. ಹುಡುಕಿದಷ್ಟೂ ಸಮಾಧಾನವಾಯಿತು, ಏಕೆಂದರೆ ಅಲ್ಲಿ ‘ಮೂಲತಃ’ ಇದೇ ವಿಷಯದವರು ಎನ್ನಬಹುದಾದವರು ಬಹುಮಟ್ಟಿಗೆ ಸಿಗಲೇ ಇಲ್ಲ. ಕೆಲಸದ ಮೂಲಕ ಕಲಿಯುವುದರ ಬಗ್ಗೆ ಮೂರು ದಶಕಗಳಿಂದ ಬರೆಯುತ್ತಿರುವ ಆಸ್ಟ್ರೇಲಿಯಾದ ಸ್ಟೀಫನ್ ಬಿಲೆಟ್ ಸಿದ್ಧಉಡುಪು ತಯಾರಿಕೆಯ ಉದ್ಯಮದಿಂದ ವೃತ್ತಿ ಶಿಕ್ಷಣಕ್ಕೆ ಬಂದವರು. ಇಂಗ್ಲೆಂಡಿನ ಮೈಕೆಲ್ ಎರಾಟ್ ರಸಾಯನಶಾಸ್ತ್ರ ಓದಿ, ಮುಂದೆ ನರ್ಸ್‌ಗಳು, ಎಂಜಿನಿಯರ್‌ಗಳು, ಲೆಕ್ಕಿಗರು ವೃತ್ತಿಯ ಮೊದಲ ವರ್ಷಗಳಲ್ಲಿ ಹೇಗೆ ಕಲಿಯುತ್ತಾರೆಂದು ಹಿಂಬಾಲಿಸಿ ನೋಡಿದವರು. ಅಲ್ಲಿಯವರೇ ಆದ ರೆಗ್ ರೆವನ್ಸ್ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿದ್ದ ಭೌತವಿಜ್ಞಾನಿ. ಮುಂದೆ ಕಲ್ಲಿದ್ದಲು ಗಣಿಗಳ ಉದ್ಯಮದಲ್ಲಿ ಶಿಕ್ಷಣದ ಹೊಣೆ ಹೊತ್ತಾಗ, ಗಣಿಯ ಮ್ಯಾನೇಜರುಗಳು ಹೊರಗಿನ ಪಂಡಿತರಿಗಿಂತ ಪರಸ್ಪರರ ತೊಡಕುಗಳಿಂದಲೇ ಹೆಚ್ಚು ಕಲಿಯಬಲ್ಲರು ಎಂಬ ನಿಲುವಿಗೆ ಬಂದರು. ಇದೇ ರೆವನ್ಸ್ 1928ರ ಆಂಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಉದ್ದ ಜಿಗಿತದಲ್ಲೂ ಭಾಗವಹಿಸಿದ್ದರು ಎಂದು ಓದಿದ ದಿನ ನಾನು ನನ್ನ ಅರ್ಜಿಯ ಚಿತ್ರಾನ್ನದ ಬಗ್ಗೆ ನಾಚುವುದನ್ನು ಬಿಟ್ಟೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವರು ಅಮೆರಿಕದ ಸಿಲ್ವಿಯಾ ಸ್ಕ್ರಿಬ್ನರ್. ಅವರು ಮನಶ್ಶಾಸ್ತ್ರಕ್ಕೆ ಬರುವ ಮುಂಚೆ ವಿದ್ಯುತ್ ಉಪಕರಣ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡಿದವರು. ಹಾಲಿನ ಕಾರ್ಖಾನೆಯೊಂದರಲ್ಲಿ, ಆರ್ಡರ್ ಚೀಟಿ ನೋಡಿ ಹಾಲಿನ ಪೊಟ್ಟಣಗಳನ್ನು ಕೇಸುಗಳಲ್ಲಿ ಜೋಡಿಸಿ ಲಾರಿಗೆ ಸಿದ್ಧಮಾಡುವವರನ್ನು ಅವರು ಗಮನಿಸಿದರು. ಒಂದು ಕೇಸಿನಲ್ಲಿ ಹದಿನಾರು ಕ್ವಾರ್ಟ್ (ಒಂದು ಕ್ವಾರ್ಟ್ ಎಂದರೆ ಲೀಟರಿಗೆ ತುಸು ಕಡಿಮೆ) ಹಿಡಿಸುತ್ತದೆ, ಹತ್ತು ಕ್ವಾರ್ಟ್ ಬೇಕಾದರೆ ಚೀಟಿಯಲ್ಲಿ ‘ಒಂದು ಕೇಸು, ಕಳೆ ಆರು’ ಎಂದಿರುತ್ತದೆ. ಚೀಟಿಯಲ್ಲಿ ಇದ್ದಂತೆಯೇ ಮಾಡುವವನು ತುಂಬಿದ ಕೇಸಿನಿಂದ ಆರನ್ನು ತೆಗೆಯಬೇಕು. ಅನುಭವಿಗಳು ಹಾಗೆ ಮಾಡುತ್ತಿರಲಿಲ್ಲ. ಅಕ್ಕಪಕ್ಕದಲ್ಲಿ ಅರೆಬರೆ ತುಂಬಿದ ಕೇಸೊಂದು ಇದ್ದರೆ ಅದಕ್ಕೆ ಎರಡು ಸೇರಿಸಿಯೋ ಎರಡು ತೆಗೆದೋ ಹತ್ತು ಮಾಡಿಬಿಡುತ್ತಿದ್ದರು. ಬಗ್ಗಿ ಎತ್ತುವ ಸಲಗಳು ಕಡಿಮೆಯಾಗುವ ದಾರಿಯನ್ನು ಅವರ ಕಣ್ಣು ಕ್ಷಣಾರ್ಧದಲ್ಲಿ ಲೆಕ್ಕ ಹಾಕುತ್ತಿತ್ತು. ಗೋದಾಮಿನ ಆ ಕೂಲಿಯ ಬೆನ್ನಿನಲ್ಲಿ ಗಣಿತವಿದೆ ಎಂದು ಕಾಣುವುದಕ್ಕೆ ಕಾರ್ಮಿಕರ ಜೊತೆ ಬಾಳಿದ್ದವರ ಕಣ್ಣೇ ಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಇದನ್ನು ಗಾರ್ಮೆಂಟ್ ಸಂಘದ ಗೆಳತಿಗೆ ಹೇಳಿದಾಗ, ‘ಅದಕ್ಕೆ ಅವರಿಗೆ ಸಂಬಳ ಹೆಚ್ಚಾಯಿತೇ?’ ಎಂದೇ ಕೇಳಿದರು.

ಇನ್ನೊಬ್ಬರು ಮಾನವಶಾಸ್ತ್ರಜ್ಞೆ ಜೀನ್ ಲೇವ್. ಅವರು 1970ರ ದಶಕದಲ್ಲಿ ಲೈಬೀರಿಯಾದ ದರ್ಜಿಗಳ ನಡುವೆ ಕುಳಿತು ನೋಡಿದರು. ಅಲ್ಲಿನ ಹುಡುಗರು ಗುಂಡಿ ಹಾಕುವುದು, ಅಂಚು ಮಡಿಸುವುದು ಮುಂತಾದ ಕೊನೆಯ ಕೆಲಸಗಳಿಂದ ಆರಂಭಿಸಿ, ಬಟ್ಟೆ ಕತ್ತರಿಸುವುದನ್ನು ಕೊಟ್ಟಕೊನೆಗೆ ಕಲಿಯುತ್ತಿದ್ದರು. ಗುಂಡಿ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಇದನ್ನು ಓದುವಾಗ ನನಗೆ ನನ್ನ ಐಟಿಐ ನೆನಪಾಯಿತು. ಅಲ್ಲಿ ಮೊದಲ ದಿನವೇ ಕೈಗೆ ಹ್ಯಾಕ್ಸಾ ಕೊಟ್ಟು ಕಬ್ಬಿಣ ಕತ್ತರಿಸಲು ಹೇಳಿದ್ದರು. ಕಾರ್ಖಾನೆಗೆ ಬಂದ ಮೇಲೆ ನಡೆದದ್ದು ಮಾತ್ರ ಲೈಬೀರಿಯಾದ ಹಾಗೆ: ಮೊದಲ ಮೂರು ತಿಂಗಳು ಬೇರೆಯವರು ಮಾಡಿಟ್ಟ ಜಾಬ್‌ಗಳ, ಅಂದರೆ ಲೋಹದ ಬಿಡಿಭಾಗಗಳ, ಅಂಚಿನ ಬರ್ (ಉಳಿದ ಚೂಪು ಎಳೆ) ತೆಗೆಯುವುದು, ಒರೆಸುವುದು, ಎಣ್ಣೆ ಹಚ್ಚುವುದು. ಅದನ್ನು ನಾನು ಅವಮಾನ ಎಂದುಕೊಂಡಿದ್ದೆ. ಒಳ್ಳೆಯ ಜಾಬ್ ಬೆರಳಿಗೆ ಹೇಗೆ ತಾಗುತ್ತದೆ ಎಂಬುದು ಆ ಮೂರು ತಿಂಗಳಲ್ಲೇ ನನಗೆ ಬಂದದ್ದು ಎಂದು ಇಪ್ಪತ್ತೈದು ವರ್ಷಗಳ ಮೇಲೆ, ಅದೂ ಒಬ್ಬ ಮಾನವಶಾಸ್ತ್ರಜ್ಞೆಯಿಂದ ತಿಳಿಯಬೇಕಾಯಿತು.

ನಮ್ಮ ದೇಶದಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಎಂಬ ಮಾತನ್ನು ನೆಲೆಗೊಳಿಸಿದ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಇಬ್ಬರೂ ಮನಶ್ಶಾಸ್ತ್ರದಿಂದ ಬಂದವರು. ಅಹಮದಾಬಾದಿನ ಐಐಎಂನಲ್ಲಿದ್ದ ಅವರು 1970ರ ದಶಕದ ನಡುವಿನಲ್ಲಿ ಎಲ್ ಅಂಡ್ ಟಿ ಸಂಸ್ಥೆಗೆ ಮಾಡಿಕೊಟ್ಟ ವ್ಯವಸ್ಥೆ ಆಮೇಲೆ ಎಷ್ಟೋ ಕಂಪನಿಗಳಿಗೆ ಮಾದರಿಯಾಯಿತು. ನಮ್ಮ ನಿರ್ವಹಣಾಶಾಸ್ತ್ರ ವಿಭಾಗಗಳಲ್ಲಿ ಕಲಿಕೆ ಎಂದೊಡನೆ ಧೋರಣೆ, ಪ್ರೇರಣೆ, ಒಂದರಿಂದ ಐದರವರೆಗೆ ಅಂಕ ಕೊಡುವ ಪ್ರಶ್ನಾವಳಿ ಮೇಜಿಗೆ ಬರುವುದಕ್ಕೆ ಈ ಬೇರೂ ಒಂದು ಕಾರಣವಿರಬಹುದು ಎಂಬುದು ನನ್ನ ಊಹೆ. ನನ್ನ ಮೊದಲ ಮಾರ್ಗದರ್ಶಕರು ಸಹ ಮುನ್ನೂರು ಅಪ್ರೆಂಟಿಸ್‌ಗಳಿಗೆ ಪ್ರಶ್ನಾವಳಿ ಹಂಚಿದರೆ ಎರಡು ವರ್ಷದಲ್ಲಿ ಮುಗಿಸಬಹುದೆಂದು ಸ್ನೇಹದಿಂದಲೇ ಹೇಳಿದ್ದರು. ತರಬೇತಿ ವಿಭಾಗದಲ್ಲಿದ್ದಾಗ ನಾನೇ ಅಂಥ ಸಾವಿರಾರು ಫಾರಂ ತುಂಬಿಸಿದ್ದೆ. ತರಗತಿ ಮುಗಿದ ಕೂಡಲೇ ‘ತರಬೇತಿ ಹೇಗಿತ್ತು?’ ಎಂದು ಕೇಳುವ ಹಾಳೆಯಲ್ಲಿ ಊಟಕ್ಕೋ ಬಸ್ಸಿಗೋ ಹೊತ್ತಾದವರೆಲ್ಲ ‘ಅತ್ಯುತ್ತಮ’ ಎಂದು ಗುರುತು ಹಾಕಿ ಹೋಗುತ್ತಿದ್ದರು. ಐಎಸ್ಒ ಆಡಿಟ್ ಬಂದಾಗ ಆ ಹಾಳೆಗಳೂ, ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಎಂದು ತೋರಿಸುವ, ಗೋಡೆಯ ಮೇಲಿನ ಸ್ಕಿಲ್ ಮ್ಯಾಟ್ರಿಕ್ಸ್‌ನಲ್ಲಿ ಕಾಲು, ಅರ್ಧ, ಮುಕ್ಕಾಲು ತುಂಬಿದ ವೃತ್ತಗಳೂ ನಮ್ಮನ್ನು ಕಾಪಾಡುತ್ತಿದ್ದವು. ಆ ವೃತ್ತಗಳನ್ನು ತುಂಬುತ್ತಿದ್ದವನು ನಾನೇ ಆದ್ದರಿಂದ ಅವುಗಳ ಬೆಲೆ ನನಗೆ ಗೊತ್ತಿತ್ತು. ಪ್ರಶ್ನಾವಳಿಯನ್ನು ಒಪ್ಪಲಿಲ್ಲ. ಮಾರ್ಗದರ್ಶಕರು ನಿವೃತ್ತರಾಗಿ ಬೇರೊಬ್ಬರು ಬಂದ ಮೇಲೆಯೇ ಆ ಎಳೆದಾಟ ಮುಗಿದದ್ದು. ಹೊಸಬರು ಹಳ್ಳಿಯ ಶಾಲೆಗಳಲ್ಲಿ ಕುಳಿತು ನೋಡಿ ಬರೆದಿದ್ದವರು, ಕಾರ್ಖಾನೆಯ ಒಳಗೆ ಕಾಲಿಟ್ಟವರಲ್ಲ.

ಕ್ಷೇತ್ರಕಾರ್ಯಕ್ಕೆ ನನ್ನ ಹಳೆಯ ಕಾರ್ಖಾನೆಯನ್ನು ಬಿಟ್ಟು, ಯಂತ್ರೋಪಕರಣ ತಯಾರಿಸುವ ಬೇರೊಂದನ್ನು ಆರಿಸಿದೆ. ಒಳಗೆ ಹೋದ ಮೊದಲ ವಾರ ಎಲ್ಲವೂ ಸಲೀಸು. ಕೂಲೆಂಟಿನ ವಾಸನೆ, ಮೇಸ್ತ್ರಿಯ ಬೈಗುಳ, ಚಹಾದ ಗಂಟೆ, ಯಾವುದೂ ಹೊಸದಲ್ಲ. ಸ್ಕ್ರೇಪಿಂಗ್ ವಿಭಾಗದಲ್ಲಿ ಒಬ್ಬ ಹಿರಿಯ ಕೆಲಸಗಾರರ ಹತ್ತಿರ ಇಬ್ಬರು ಅಪ್ರೆಂಟಿಸ್ ಹುಡುಗರಿದ್ದರು. ಯಂತ್ರದ ಗೈಡ್‌ವೇಯನ್ನು (ಚಲಿಸುವ ಭಾಗ ಜಾರುವ ಹಳಿ) ಕೈಯಿಂದ ಹೆರೆದು ಸಮ ಮಾಡುವ ಕೆಲಸ ಅದು. ನಿಖರವಾಗಿ ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ಪ್ರಶ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳುವಾಗಿ ಹಚ್ಚಿ, ಅದನ್ನು ಲೋಹದ ಮೇಲಿಟ್ಟು ಹಗುರವಾಗಿ ಎಳೆದರೆ ಎತ್ತರವಿದ್ದ ಕಡೆ ನೀಲಿ ಹತ್ತುತ್ತದೆ. ನೀಲಿ ಹತ್ತಿದಲ್ಲಿ ಮಾತ್ರ ಸ್ಕ್ರೇಪರಿನಿಂದ ಕೂದಲಿನಷ್ಟು ಹೆರೆಯುವುದು, ಒರೆಸುವುದು, ಮತ್ತೆ ಬ್ಲೂ ಹಚ್ಚುವುದು. ಇಪ್ಪತ್ತೈದು ಮಿಲಿಮೀಟರ್ ಚೌಕದೊಳಗೆ ಎಷ್ಟು ನೀಲಿ ಚುಕ್ಕೆ ಬಂದವೆಂದು ಎಣಿಸಿ, ಸಾಲದಿದ್ದರೆ ಮತ್ತೆ ಮೊದಲಿನಿಂದ. ದಿನಗಟ್ಟಲೆ ಅದೇ.

ಆ ವಾರದ ನನ್ನ ಟಿಪ್ಪಣಿಯನ್ನು ಮಾರ್ಗದರ್ಶಕರು ಓದಿ, ಒಂದು ಸಾಲಿನ ಕೆಳಗೆ ಗೆರೆ ಎಳೆದು ಹಿಂದಿರುಗಿಸಿದರು. ‘ಬೆಳಿಗ್ಗೆ 9.20ರಿಂದ 10ರವರೆಗೆ ಸ್ಕ್ರೇಪಿಂಗ್ ನಡೆಯಿತು, ವಿಶೇಷವೇನಿಲ್ಲ’ ಎಂದು ಬರೆದಿದ್ದೆ. ಪಕ್ಕದಲ್ಲಿ ಅವರು, ‘ನಲವತ್ತು ನಿಮಿಷ ಮೂವರು ಮನುಷ್ಯರು ಒಂದು ಕಡೆ ಇದ್ದರು, ಏನೂ ಆಗಲಿಲ್ಲವೇ?’ ಎಂದು ಕೇಳಿದ್ದರು. ನನಗೆ ಸಿಟ್ಟು ಬಂತು. ಸ್ಕ್ರೇಪಿಂಗ್ ಎಂದರೆ ಅಷ್ಟೇ, ಮತ್ತೇನು ಬರೆಯಲಿ? ನನಗೆ ತಿಳಿದಿದ್ದದ್ದೇ ನನ್ನ ಕಣ್ಣಿಗೆ ಪೊರೆಯಾಗಿದೆ ಎಂಬುದು ಆಗ ಹೊಳೆಯಲಿಲ್ಲ.

ಅದನ್ನು ಹೊಳೆಯಿಸಿದವರು ನರ್ಸ್. ಕಾರ್ಖಾನೆಯ ಅನುಮತಿ ಪಡೆದು ಒಂದು ದಿನ ಅವರನ್ನು ಜೊತೆಗೆ ಕರೆದೊಯ್ದೆ. ಪರಸ್ಪರರ ಕ್ಷೇತ್ರವನ್ನು ಒಮ್ಮೆ ನೋಡಬೇಕೆಂಬುದು ಮಾರ್ಗದರ್ಶಕರ ಸಲಹೆ. ಸುರಕ್ಷತಾ ಶೂ ಹಾಕಿಕೊಂಡು ಹಳದಿ ಗೆರೆಯ ಆಚೆ ನಿಂತು ಅವರು ಅರ್ಧ ಗಂಟೆ ನೋಡಿದರು. ಹೊರಗೆ ಬಂದ ಮೇಲೆ, ‘ಆ ಹಿರಿಯರು ಹುಡುಗರ ಕಡೆ ನೋಡುವುದೇ ಇಲ್ಲವಲ್ಲ?’ ಎಂದರು. ನಾನು ಹೌದಲ್ಲ ಎಂದೆ. ‘ಬೆನ್ನು ತಿರುಗಿಸಿಕೊಂಡು ಅವರ ಕೆಲಸ ಅವರು ಮಾಡುತ್ತಾರೆ. ಆದರೆ ಆ ಕೆಂಪು ಶರ್ಟಿನ ಹುಡುಗ ಸ್ಕ್ರೇಪರನ್ನು ಜೋರಾಗಿ ಒತ್ತಿದಾಗ ಎರಡು ಸಲವೂ ತಿರುಗಿದರು. ಅವರು ಕೇಳಿಸಿಕೊಳ್ಳುತ್ತಿದ್ದಾರೆ. ನಮ್ಮ ವಾರ್ಡಿನಲ್ಲೂ ಹಾಗೆಯೇ, ಹಳೆಯ ಸಿಸ್ಟರ್‌ಗಳು ಮಾನಿಟರ್ ಕಡೆ ನೋಡುವುದಿಲ್ಲ, ಸದ್ದು ಬದಲಾದರೆ ತಲೆ ಎತ್ತುತ್ತಾರೆ.’

ಹದಿಮೂರು ವರ್ಷ ಟೂಲ್‌ರೂಮಿನಲ್ಲಿ ನಾನೂ ಕಿವಿಯಿಂದಲೇ ಕೆಲಸ ಮಾಡಿದವನು. ಫೈಲು ಸರಿಯಾಗಿ ಕಚ್ಚಿದಾಗ ಬರುವ ಸದ್ದು, ಜಾರಿದಾಗಿನ ಸದ್ದು ಎರಡೂ ನನಗೆ ನಿದ್ದೆಯಲ್ಲೂ ಗೊತ್ತು. ಆ ಬೆಳಿಗ್ಗೆಯ ನಲವತ್ತು ನಿಮಿಷವೂ ನಾನು ಕೇಳಿಸಿಕೊಳ್ಳುತ್ತಲೇ ಇದ್ದಿರಬೇಕು, ಸದ್ದು ಸರಿಯಾಗಿಯೇ ಇದ್ದುದರಿಂದ ‘ವಿಶೇಷವೇನಿಲ್ಲ’ ಎಂದು ಬರೆದಿರಬೇಕು. ಮಾರನೆಯ ದಿನ ಆ ಹಿರಿಯರನ್ನೇ ಕೇಳಿದೆ: ಸದ್ದಿನಿಂದ ನಿಮಗೆ ಏನು ತಿಳಿಯುತ್ತದೆ? ಅವರು ಮೊದಲು ನಾನು ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡರು. ಆಮೇಲೆ, ‘ಹುಡುಗನ ಕೈ ಇನ್ನೂ ಪಳಗಿಲ್ಲ ಅಂತ ತಿಳಿಯುತ್ತೆ. ಹೇಳಿದರೆ ಬರಲ್ಲ. ಹಾಡ್ತಾ ಹಾಡ್ತಾ ರಾಗ’ ಎಂದು ಬ್ಲೂ ಡಬ್ಬಿಯ ಮುಚ್ಚಳ ಹಾಕಿದರು. ಪ್ರಬಂಧ ಇಂಗ್ಲಿಷಿನಲ್ಲಿ ಇರಬೇಕಾದ್ದರಿಂದ ‘ಪಳಗಿದ ಕೈ’ ಎಂಬುದಕ್ಕೆ ಪದ ಹುಡುಕುವುದರಲ್ಲೇ ನನಗೆ ಒಂದು ವಾರ ಹೋಯಿತು. ಆನೆ ಪಳಗುತ್ತದೆ, ಕೈ ಪಳಗುತ್ತದೆ. ಇಂಗ್ಲಿಷಿನ ‘ಸ್ಕಿಲ್’ ಎಂಬ ಪದದಲ್ಲಿ ಆ ಪಳಗಿಸುವಿಕೆಯ ಸುಳಿವೇ ಇಲ್ಲ. ಕೊನೆಗೆ ಕನ್ನಡ ಪದವನ್ನೇ ಉಳಿಸಿ ಅಡಿಟಿಪ್ಪಣಿ ಹಾಕಿದೆ.

ನನ್ನ ಹಿನ್ನೆಲೆ ನೆರವು ಕೊಟ್ಟದ್ದೂ ಉಂಟು. ಕೆಲಸಗಾರರು ನನ್ನನ್ನು ಮೊದಲ ತಿಂಗಳು ಆಡಳಿತದ ಕಡೆಯವನೆಂದೇ ತಿಳಿದು ಮಾತು ನಿಲ್ಲಿಸುತ್ತಿದ್ದರು. ಒಂದು ದಿನ ಬೆಂಚಿನ ಮೇಲಿದ್ದ ಜಾಬಿಗೆ ಟ್ರೈ ಸ್ಕ್ವೇರ್ (ಲಂಬಕೋನ ನೋಡುವ ಉಪಕರಣ) ಇಟ್ಟು ಬೆಳಕಿಗೆ ಹಿಡಿದೆ. ಹಿಡಿದ ರೀತಿ ನೋಡಿ ಒಬ್ಬರು, ‘ಸಾರ್, ನೀವು ಫಿಟ್ಟರಾ?’ ಎಂದರು. ಅಂದಿನಿಂದ ಮಾತು ಹರಿಯಿತು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತಿತ್ತು. 2019ರಲ್ಲಿ ಕಾರ್ಖಾನೆಗಳು ತಮ್ಮ ಸಿಬ್ಬಂದಿಯ ಶೇ. 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲು ಅವಕಾಶವಾಯಿತು. ಹುಡುಗರ ಸಂಖ್ಯೆ ಹೆಚ್ಚಿತು, ಹಿರಿಯರ ಸಂಖ್ಯೆ ಹೆಚ್ಚಲಿಲ್ಲ. ಒಬ್ಬರ ಕಿವಿಗೆ ಎಷ್ಟು ಸ್ಕ್ರೇಪರುಗಳ ಸದ್ದು ಒಟ್ಟಿಗೆ ಹಿಡಿಸೀತು ಎಂಬುದು ಯೋಜನೆಯ ಪೋರ್ಟಲಿನಲ್ಲಿ ತುಂಬುವ ಅಂಕಣವಲ್ಲ. ಪೋರ್ಟಲ್ ತುಂಬುವ ಕೆಲಸವನ್ನು ತಾನೇ ಮಾಡಿದವನಿಗೆ ಪ್ರಬಂಧದಲ್ಲಿ ಇದರ ಬಗೆಗಿನ ಅಧ್ಯಾಯ ಬರೆಯುವುದು ಕಷ್ಟವಾಗಲಿಲ್ಲ.

ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಸಂಶೋಧಕನ ಹಿನ್ನೆಲೆಯನ್ನು ಬರೆಯುವ ಪದ್ಧತಿ ಇದೆ. ನಾನು ಮೊದಲು ಬರೆದದ್ದು ಅರ್ಧ ಪುಟ, ಉದ್ಯೋಗದ ಅರ್ಜಿಯಂತಿತ್ತು. ಮಾರ್ಗದರ್ಶಕರು ಒಪ್ಪದೆ ನಾಲ್ಕು ಸಲ ತಿದ್ದಿಸಿದರು. ಕೊನೆಯ ರೂಪದಲ್ಲಿ ಆರು ಪುಟಗಳಾದವು. ಫಿಟ್ಟರಾಗಿ ನಾನು ಏನನ್ನು ಕೇಳಿಸಿಕೊಂಡೂ ಬರೆಯಲಿಲ್ಲ, ತರಬೇತಿ ಅಧಿಕಾರಿಯಾಗಿ ಯಾವ ವೃತ್ತಗಳನ್ನು ಸುಮ್ಮನೆ ತುಂಬಿದ್ದೆ, ನರ್ಸ್ ಬಂದ ದಿನ ಏನಾಯಿತು, ಎಲ್ಲವನ್ನೂ ಸೇರಿಸಿದೆ. ಇನ್ನು ಯಾರೂ ನನ್ನ ಹಿನ್ನೆಲೆಯ ವಿಚಾರದಲ್ಲಿ ಬೆರಳು ಮಾಡಲಾರರು ಎಂದು ನಿರಾಳವಾಗಿದ್ದೆ.

2022ರ ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ವಿಡಿಯೊದಲ್ಲಿ ಬಂದರು. ಆ ಆರು ಪುಟಗಳನ್ನು ಹೊಗಳಿದರು. ಬಳಿಕ ಐದನೆಯ ಅಧ್ಯಾಯದ ಒಂದು ಕೋಷ್ಟಕಕ್ಕೆ ಬಂದರು. ಅಪ್ರೆಂಟಿಸ್‌ಗಳ ಒಂದು ದಿನವನ್ನು ನಾನು ಅಲ್ಲಿ ಕೆಲಸ, ಸೂಚನೆ, ಅಳತೆ ಎಂದು ವಿಂಗಡಿಸಿದ್ದೆ. ಸ್ಕ್ರೇಪರಿಗೆ ಸಾಣೆ ಹಿಡಿಯಲು ಗ್ರೈಂಡರಿನ ಮುಂದೆ ಸರದಿ ಕಾಯುತ್ತ ನಿಂತು ಅವರು ಮಾತಾಡುತ್ತಿದ್ದ ಹೊತ್ತನ್ನು ‘ಐಡಲ್ ಟೈಮ್’ (ಕೆಲಸವಿಲ್ಲದ ಹೊತ್ತು) ಎಂಬ ಸಾಲಿನಲ್ಲಿ ಹಾಕಿದ್ದೆ. ‘ಅಲ್ಲಿ ಅವರು ಏನು ಮಾತಾಡುತ್ತಿದ್ದರು?’ ಎಂದು ಪರೀಕ್ಷಕರು ಕೇಳಿದರು. ಯಾರ ಸ್ಕ್ರೇಪರ್ ಯಾವ ಕೋನಕ್ಕೆ ನಿಲ್ಲುತ್ತದೆ, ಯಾರ ಜಾಬ್ ವಾಪಸ್ ಬಂತು, ಏಕೆ ಬಂತು ಎಂಬುದನ್ನೇ ಮಾತಾಡುತ್ತಿದ್ದರು ಎಂದೆ. ಹೇಳುತ್ತಿರುವಾಗಲೇ ನನ್ನ ಕಿವಿ ಬಿಸಿಯಾಯಿತು. ‘ಈ ಸಾಲಿಗೆ ಹೆಸರಿಟ್ಟವರು ಸಂಶೋಧಕರೋ, ತರಬೇತಿ ಅಧಿಕಾರಿಯೋ?’ ಎಂದು ಅವರು ಮೆಲ್ಲಗೆ ಕೇಳಿದರು.

ತಿದ್ದುಪಡಿಗಳ ಪಟ್ಟಿಯಲ್ಲಿ ಅದು ಮೂರನೆಯದಾಗಿ ಬಂತು. ಟಿಪ್ಪಣಿ ಪುಸ್ತಕಗಳನ್ನು ಮತ್ತೆ ತೆರೆದು, ಗ್ರೈಂಡರಿನ ಮುಂದಿನ ಮಾತುಗಳನ್ನೆಲ್ಲ ಹೆಕ್ಕಿ ಹೊಸ ಸಾಲು ಮಾಡಲು ಏಳು ವಾರ ಹಿಡಿಯಿತು.